ಓಡುವಾಗ ಬಾರದ ಏದುಸಿರು ಈಜುವಾಗ ಏಕೆ?

ಪ್ರಶ್ನೆ: ನನಗೆ 38 ವರ್ಷ. ವಾರಕ್ಕೆ ಮೂರು ದಿನ 10 ಕಿ.ಮೀ. ಓಡುತ್ತೇನೆ; ಓಡುತ್ತಲೇ ಪಕ್ಕದವರೊಂದಿಗೆ ಮಾತನಾಡಬಲ್ಲೆ. ಹೃದಯದ ತಪಾಸಣೆಯಲ್ಲಿ ಎಲ್ಲವೂ ಸರಿಯಿದೆ ಎಂದಿದ್ದಾರೆ. ಕಳೆದ ವರ್ಷ ಈಜು ಕಲಿತೆ. ಆದರೆ ಫ್ರೀಸ್ಟೈಲಿನಲ್ಲಿ 100 ಮೀಟರ್ ಸ್ವಲ್ಪ ಜೋರಾಗಿ ಹೋದರೆ ಸಾಕು, ಉಸಿರು ಕಟ್ಟಿ ಗೋಡೆ ಹಿಡಿದು ನಿಲ್ಲುತ್ತೇನೆ, ತೋಳುಗಳು ಉರಿಯುತ್ತವೆ. ವಿಚಿತ್ರವೆಂದರೆ ಕೈಗಡಿಯಾರ ತೋರಿಸುವ ಹೃದಯ ಬಡಿತ ಓಟದಲ್ಲಿ ಕಾಣುವುದಕ್ಕಿಂತ ಕಡಿಮೆ. ಮಧ್ಯದಲ್ಲಿ ಎದ್ದು ಮೂತ್ರಕ್ಕೆ ಹೋಗಲೇಬೇಕಾಗುತ್ತದೆ. ಜೊತೆಗೆ ಈಜುವವರೊಬ್ಬರು, ಉಸಿರು ಹಿಡಿದು ಈಜುವ ಅಭ್ಯಾಸ ಮಾಡಿದರೆ ಶ್ವಾಸಕೋಶ ದೊಡ್ಡದಾಗುತ್ತದೆ ಎನ್ನುತ್ತಾರೆ. ನನ್ನ ಶ್ವಾಸಕೋಶ ದುರ್ಬಲವೇ? ಹೃದಯದಲ್ಲಿ ಕಣ್ಣಿಗೆ ಬೀಳದ ತೊಂದರೆ ಏನಾದರೂ ಇದೆಯೇ? ಇದು ಸರಿಹೋಗಲು ಎಷ್ಟು ಕಾಲ ಬೇಕು?

ಉತ್ತರ: ಮೊದಲು ನಿಮ್ಮ ಆತಂಕಕ್ಕೆ. ಹತ್ತು ಕಿಲೋಮೀಟರನ್ನು ಮಾತನಾಡುತ್ತ ಓಡುವವರ ಶ್ವಾಸಕೋಶವನ್ನು ದುರ್ಬಲ ಎನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ನೀವು ಬರೆದಿರುವ ಲಕ್ಷಣಗಳಲ್ಲಿ ಹೃದಯದ ಕಾಯಿಲೆಯತ್ತ ಬೊಟ್ಟು ಮಾಡುವಂಥದ್ದೂ ಇಲ್ಲ. ಏನಾದರೆ ವೈದ್ಯರಲ್ಲಿಗೆ ಹೋಗಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ನಿಮಗೆ ಆಗುತ್ತಿರುವುದು ಬಹುಮಟ್ಟಿಗೆ ಇಷ್ಟು: ನೀವು ಉಸಿರನ್ನು ಎಳೆದುಕೊಳ್ಳುತ್ತಿದ್ದೀರಿ, ಬಿಡುತ್ತಿಲ್ಲ. ಇದರ ಮೇಲೆ, ಓಟಕ್ಕೆ ಪಳಗಿರುವುದು ನಿಮ್ಮ ಕಾಲುಗಳು, ಈಜಿನ ಹೊರೆ ಬಿದ್ದಿರುವುದು ತೋಳುಗಳ ಮೇಲೆ. ಇವೆರಡೂ ಸೇರಿದಾಗ ಎಂಥ ಓಟಗಾರನೂ ನಾಲ್ಕನೆಯ ಸುತ್ತಿನಲ್ಲಿ ಗೋಡೆ ಹುಡುಕುತ್ತಾನೆ.

ಓಡುವಾಗ ಉಸಿರಾಟಕ್ಕೆ ಹಂಗಿಲ್ಲ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಐದಾರು ಲೀಟರ್ ಗಾಳಿಯಲ್ಲಿ ತೃಪ್ತವಾಗುವ ದೇಹ ಜೋರು ಓಟದಲ್ಲಿ 100 ಲೀಟರಿಗೂ ಹೆಚ್ಚು ಕೇಳುತ್ತದೆ. ಅದಕ್ಕಾಗಿ ನಿಮಿಷಕ್ಕೆ 40–50 ಸಲ, ಬಾಯಿ ಅಗಲಿಸಿ, ಬೇಕೆಂದಾಗಲೆಲ್ಲ ಉಸಿರಾಡುತ್ತೀರಿ. ಫ್ರೀಸ್ಟೈಲಿನಲ್ಲಿ ಉಸಿರು ತೋಳಿನ ತಾಳಕ್ಕೆ ಕಟ್ಟುಬಿದ್ದಿರುತ್ತದೆ. ನಿಮಿಷಕ್ಕೆ 60 ಸಲ ಕೈಬೀಸುವವರು ಎರಡು ಬೀಸಿಗೊಮ್ಮೆ ಉಸಿರೆಳೆದರೆ 30 ಉಸಿರು, ಮೂರಕ್ಕೊಮ್ಮೆಯಾದರೆ 20. ಬಾಯಿ ನೀರಿನಿಂದ ಹೊರಗಿರುವುದು ಅರ್ಧ ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಎಳೆದುಕೊಳ್ಳುವುದಷ್ಟೇ ಸಾಧ್ಯ. ಬಿಡುವ ಕೆಲಸ ನೀರಿನೊಳಗೇ ಮುಗಿದಿರಬೇಕು.

ಅದು ಮುಗಿದಿರುವುದಿಲ್ಲ. ಹೊಸಬರು ಈಜುವಾಗ ಪಕ್ಕದ ಲೇನಿನಲ್ಲಿ ಕನ್ನಡಕ ಹಾಕಿಕೊಂಡು ಮುಳುಗಿ ಗಮನಿಸಿ. ಮುಖ ನೀರಿನಲ್ಲಿದ್ದಷ್ಟು ಹೊತ್ತು ಕೆನ್ನೆ ಉಬ್ಬಿರುತ್ತದೆ, ಒಂದೇ ಒಂದು ಗುಳ್ಳೆಯೂ ಏಳುವುದಿಲ್ಲ. ತಲೆ ಹೊರಳಿಸುವ ಹೊತ್ತಿಗೆ ಗಾಳಿಯೆಲ್ಲ ಒಮ್ಮೆಲೇ ಸಿಡಿಯುತ್ತದೆ. ಆ ಅರ್ಧ ಸೆಕೆಂಡಿನ ಬಹುಪಾಲು ಬಿಡುವುದರಲ್ಲೇ ಕಳೆದು, ಇನ್ನೂ ಅರ್ಧ ತುಂಬಿರುವ ಎದೆಯ ಮೇಲೆ ಒಂದಿಷ್ಟು ಗಾಳಿಯನ್ನು ತುರುಕಿಕೊಂಡು ಮುಖ ಮತ್ತೆ ಒಳಗೆ ಹೋಗುತ್ತದೆ. ಮೂರನೆಯ ಸುತ್ತಿಗೆ ತಲೆ ಪಕ್ಕಕ್ಕೆ ಹೊರಳುವುದನ್ನು ಬಿಟ್ಟು ಮುಂದಕ್ಕೆ ಏಳತೊಡಗುತ್ತದೆ. ತಲೆ ಎದ್ದರೆ ಸೊಂಟ ಇಳಿಯುತ್ತದೆ, ಸೊಂಟ ಇಳಿದರೆ ಕಾಲುಗಳು ಕತ್ತರಿಯಂತೆ ಅಗಲುತ್ತವೆ, ದೇಹ ನೀರನ್ನು ಸೀಳುವ ಬದಲು ದೂಡುತ್ತದೆ. ಅಲ್ಲಿಂದ ಮುಂದೆ ಪ್ರತಿ ಮೀಟರಿನ ಬೆಲೆಯೂ ಏರುತ್ತ ಹೋಗುತ್ತದೆ.

ನಮ್ಮನ್ನು ಉಸಿರಾಡುವಂತೆ ಒತ್ತಾಯಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್. ರಕ್ತದಲ್ಲಿ ಅದು ತುಸು ಏರಿದರೂ ಮೆದುಳಿನ ಕಾಂಡದಲ್ಲಿರುವ ಉಸಿರಾಟದ ಕೇಂದ್ರ ಕೂಡಲೇ ಗುಲ್ಲೆಬ್ಬಿಸುತ್ತದೆ. ಆಮ್ಲಜನಕದ ಇಳಿಕೆಗೆ ಅದು ಅಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಸಾಕಷ್ಟು ಕೆಳಗಿಳಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ. ನೀವು ಗೋಡೆ ಹಿಡಿದು ನಿಂತ ಕ್ಷಣದಲ್ಲಿ ರಕ್ತದ ಆಮ್ಲಜನಕವನ್ನು ಅಳೆದರೆ ಬಹುಶಃ ಸರಿಯಾಗಿಯೇ ಇರುತ್ತದೆ. ಸ್ನಾಯುಗಳು ಧಾರಾಳವಾಗಿ ತಯಾರಿಸುತ್ತಿರುವ ಇಂಗಾಲದ ಡೈಆಕ್ಸೈಡ್ ಹೊರಬೀಳಲು ದಾರಿಯಿಲ್ಲದೆ ಜಮೆಯಾಗಿದೆ, ಅದನ್ನೇ ನೀವು ‘ಉಸಿರು ಸಾಲುತ್ತಿಲ್ಲ’ ಎಂದು ಅನುಭವಿಸುತ್ತೀರಿ. ಆಗ ಇನ್ನಷ್ಟು ಗಾಳಿ ಎಳೆದುಕೊಳ್ಳಬೇಕೆಂಬ ತವಕ ಹುಟ್ಟುತ್ತದೆ. ಬೇಕಾದದ್ದು ಅದರ ವಿರುದ್ಧ ಕ್ರಿಯೆ.

ನೀರು ಎದೆಯ ಮೇಲೆ ಹೇರುವ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತವರ ಪಕ್ಕೆಲುಬಿನ ಗೂಡು ಎಲ್ಲ ಕಡೆಯಿಂದ ಅದುಮಲ್ಪಡುತ್ತದೆ, ಹೊಟ್ಟೆಯ ಮೇಲಿನ ಒತ್ತಡ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ, ಉಸಿರೆಳೆಯುವ ಮುಖ್ಯ ಸ್ನಾಯು) ಮೇಲಕ್ಕೆ ತಳ್ಳುತ್ತದೆ. ಉಸಿರಾಡುವುದಕ್ಕೇ ತಗಲುವ ಶ್ರಮ ನೆಲದ ಮೇಲೆ ತಗಲುವುದಕ್ಕಿಂತ ಶೇಕಡ 60ರಷ್ಟು ಹೆಚ್ಚುತ್ತದೆ ಎಂದು ಅಳೆದು ತೋರಿಸಿದ್ದಾರೆ. ಮಲಗಿ ಈಜುವಾಗ ಎದೆ ಅಷ್ಟು ಆಳದಲ್ಲಿ ಇರುವುದಿಲ್ಲ, ನಿಜ. ಆದರೂ ಪ್ರತಿ ಉಸಿರನ್ನೂ ಒತ್ತಡದ ಎದುರು, ಅವಸರದಲ್ಲಿ, ಆಳವಾಗಿ ಎಳೆಯಬೇಕು. ಇದು ಸ್ನಾಯುಗಳ ಕೆಲಸ, ಸ್ನಾಯುಗಳು ದಣಿಯುತ್ತವೆ. 200 ಮೀಟರನ್ನು ಸ್ಪರ್ಧೆಯ ವೇಗದಲ್ಲಿ ಈಜಿದ ತರಬೇತಿ ಪಡೆದ ಈಜುಗಾರರಲ್ಲೂ ಉಸಿರೆಳೆಯುವ ಸ್ನಾಯುಗಳ ಬಲ ಎದ್ದು ಕಾಣುವಷ್ಟು ಕುಸಿದಿರುತ್ತದೆ. ವಪೆ ದಣಿದಾಗ ದೇಹ ಅದಕ್ಕೆ ರಕ್ತ ಒದಗಿಸಲು ಕೈಕಾಲುಗಳ ರಕ್ತನಾಳಗಳನ್ನು ಕಿರಿದುಗೊಳಿಸುತ್ತದೆ. ತೋಳು ಸೋಲುವುದಕ್ಕೆ ಎದೆಯೂ ಕಾರಣವಾಗುವುದು ಹೀಗೆ.

ಇನ್ನು ತೋಳಿನ ವಿಚಾರ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದು ಒಡ್ಡುವ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ. ವೇಗವನ್ನು ಹತ್ತರಲ್ಲಿ ಒಂದು ಪಾಲು ಏರಿಸಿದರೆ ಶಕ್ತಿಯ ಬೇಡಿಕೆ ಮೂರನೆಯ ಒಂದು ಪಾಲು ಏರುತ್ತದೆ. ‘ಸ್ವಲ್ಪ ಜೋರಾಗಿ’ ಎಂದು ನೀವು ಬರೆದಿರುವ ಆ ‘ಸ್ವಲ್ಪ’ ದೇಹದ ಲೆಕ್ಕದಲ್ಲಿ ಸ್ವಲ್ಪವಲ್ಲ. ಓಟದಲ್ಲಿ ಇಂಥ ಕಠಿಣ ದಂಡ ಇಲ್ಲ, ಅಲ್ಲಿ ವೇಗ ಏರಿದಷ್ಟೇ ಖರ್ಚೂ ಸರಿಸುಮಾರು ಏರುತ್ತದೆ. ಅದಕ್ಕೇ ಓಟಗಾರರು ಈಜಿಗೆ ಬಂದಾಗ ವೇಗದ ಅಂದಾಜು ತಪ್ಪುತ್ತದೆ. ಒಂದೇ ದೂರವನ್ನು ಕ್ರಮಿಸಲು ಓಟಕ್ಕಿಂತ ಈಜಿಗೆ ಸುಮಾರು ನಾಲ್ಕು ಪಟ್ಟು ಶಕ್ತಿ ಬೇಕು ಎನ್ನುವುದು ಸ್ಥೂಲವಾದ ಲೆಕ್ಕ. ಖರ್ಚಾದ ಶಕ್ತಿಯಲ್ಲಿ ಮುಂದೆ ಸಾಗಲು ನಿಜವಾಗಿ ಒದಗುವುದು, ನುರಿತವರಲ್ಲೂ, ನೂರರಲ್ಲಿ ಹತ್ತಕ್ಕಿಂತ ಕಡಿಮೆ. ಉಳಿದದ್ದು ಶಾಖವಾಗಿ, ನೀರನ್ನು ಅಲ್ಲೋಲಕಲ್ಲೋಲ ಮಾಡುವುದಕ್ಕೆ ಹೋಗುತ್ತದೆ.

ಫ್ರೀಸ್ಟೈಲಿನಲ್ಲಿ ದೇಹವನ್ನು ಮುಂದಕ್ಕೆ ಒಯ್ಯುವ ಬಲದ ಬಹುಪಾಲು ತೋಳುಗಳದ್ದು. ನಿಮ್ಮ ವರ್ಷಗಳ ಓಟದಿಂದ ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿರುವುದು, ಜೀವಕೋಶಗಳ ಒಳಗೆ ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚಿರುವುದು ತೊಡೆ ಮತ್ತು ಮೀನಖಂಡಗಳಲ್ಲಿ. ಹೃದಯ ಬೇಕಾದಷ್ಟು ರಕ್ತ ಪಂಪ್ ಮಾಡಲು ಸಿದ್ಧವಿದೆ, ರಕ್ತದಲ್ಲಿ ಆಮ್ಲಜನಕವೂ ಇದೆ, ಆದರೆ ಅದನ್ನು ಪಡೆದು ಬಳಸುವ ಸಾಮರ್ಥ್ಯ ಭುಜ, ಬೆನ್ನು, ಮುಂದೋಳುಗಳಲ್ಲಿ ಇನ್ನೂ ಬೆಳೆದಿಲ್ಲ. 1970ರ ದಶಕದಲ್ಲಿ ಸ್ವೀಡನ್ನಿನ ಇಂಗ್ವಾರ್ ಹೋಲ್ಮೆರ್ ನೀರು ಹರಿಯುವ ಕೃತಕ ಕಾಲುವೆಯಲ್ಲಿ ಜನರನ್ನು ಈಜಿಸಿ ಆಮ್ಲಜನಕದ ಬಳಕೆಯನ್ನು ಅಳೆದರು. ಅಂಥ ಪ್ರಯೋಗಗಳಿಂದ ಸ್ಪಷ್ಟವಾದದ್ದೆಂದರೆ, ಪಳಗಿದ ಈಜುಗಾರರು ಓಟದಲ್ಲಿ ಬಳಸುವ ಗರಿಷ್ಠ ಆಮ್ಲಜನಕದ ಹತ್ತಿರ ಹತ್ತಿರಕ್ಕೆ ಈಜಿನಲ್ಲೂ ತಲುಪುತ್ತಾರೆ, ಈಜಿಗೆ ಹೊಸಬರಾದವರು ಶೇಕಡ 20ರಷ್ಟು ಕೆಳಗೇ ನಿಲ್ಲುತ್ತಾರೆ. ಹೃದಯ ಅದೇ, ಶ್ವಾಸಕೋಶ ಅದೇ. ಕೊರತೆ ಇರುವುದು ತೋಳಿನ ಸ್ನಾಯುವಿನೊಳಗೆ ಮತ್ತು ಕೌಶಲದಲ್ಲಿ.

ಓಟಗಾರರಿಗೆ ಇದರ ಮೇಲೊಂದು ಶಾಪವಿದೆ: ಬಿರುಸು ಕಣಕಾಲು. ಪಾದ ಹಿಂದಕ್ಕೆ ಚಾಚಿ ಸಡಿಲವಾಗಿ ಬಡಿಯಬೇಕಾದಲ್ಲಿ ಅದು ಕೊಕ್ಕೆಯಂತೆ ಕೆಳಕ್ಕೆ ನಿಂತು ನೀರನ್ನು ಹಿಡಿದುಕೊಳ್ಳುತ್ತದೆ. ತೊಡೆಯ ದೊಡ್ಡ ಸ್ನಾಯುಗಳು ಸಿಕ್ಕಾಪಟ್ಟೆ ಆಮ್ಲಜನಕ ಕುಡಿಯುತ್ತವೆ, ಪ್ರತಿಯಾಗಿ ಕೊಡುವುದು ಅತ್ಯಲ್ಪ. ಒಮ್ಮೆ ಕಾಲು ಬಡಿತವನ್ನು ಬೇಕೆಂದೇ ಅರ್ಧಕ್ಕೆ ಇಳಿಸಿ 100 ಮೀಟರ್ ಈಜಿ ನೋಡಿ. ವೇಗ ಅಷ್ಟೇನೂ ಕುಗ್ಗುವುದಿಲ್ಲ, ಏದುಸಿರು ಮಾತ್ರ ಗಮನಾರ್ಹವಾಗಿ ಇಳಿಯುತ್ತದೆ.

ತೋಳು ಉರಿಯುವುದು ಏಕೆ? ‘ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿತು’ ಎಂಬ ಸಿದ್ಧ ಉತ್ತರವನ್ನು ನೀವು ಕೇಳಿರುತ್ತೀರಿ. 1922ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಆರ್ಚಿಬಾಲ್ಡ್ ಹಿಲ್ ಮತ್ತು ಒಟ್ಟೊ ಮೇಯರ್‌ಹಾಫ್ ಅವರ ಕಾಲದಿಂದಲೂ ಈ ವಸ್ತುವಿನ ತಲೆಗೆ ದಣಿವಿನ ಅಪವಾದ ಕಟ್ಟಲಾಗಿದೆ. 1980ರ ದಶಕದಲ್ಲಿ ಅಮೆರಿಕದ ಜಾರ್ಜ್ ಬ್ರೂಕ್ಸ್ ಚಿತ್ರವನ್ನೇ ತಿರುಗಿಸಿದರು. ವೇಗದ ಸ್ನಾಯುತಂತುಗಳಲ್ಲಿ ಗ್ಲೂಕೋಸ್ ಒಡೆದು ಹುಟ್ಟುವ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲ ದೇಹದಲ್ಲಿ ಇರುವ ರೂಪ) ಕಸವಲ್ಲ. ಪಕ್ಕದ ನಿಧಾನಗತಿಯ ತಂತುಗಳು, ಹೃದಯ, ಯಕೃತ್ತು ಅದನ್ನು ಎತ್ತಿಕೊಂಡು ಇಂಧನವಾಗಿ ಉರಿಸುತ್ತವೆ, ಇಲ್ಲವೇ ಮತ್ತೆ ಗ್ಲೂಕೋಸ್ ಮಾಡುತ್ತವೆ. ಉರಿ ಮತ್ತು ಸೋಲಿಗೆ ಕಾರಣ ಅದರ ಜೊತೆಗೇ ಸೇರುವ ಹೈಡ್ರೋಜನ್ ಅಯಾನುಗಳು, ಫಾಸ್ಫೇಟ್, ಸ್ನಾಯುಕೋಶದಿಂದ ಹೊರಸೋರುವ ಪೊಟ್ಯಾಸಿಯಂ ಇವುಗಳ ಒಟ್ಟು ಪರಿಣಾಮ. ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಉಳಿದರೆ ರಕ್ತದ ಆಮ್ಲೀಯತೆ ಇನ್ನಷ್ಟು ಏರುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ಉಸಿರು ಬಿಡದಿರುವುದು ತೋಳಿನ ಉರಿಗೂ ತುಪ್ಪ ಸುರಿಯುತ್ತದೆ. ಮರುದಿನದ ಮೈಕೈ ನೋವಿಗೂ ಲ್ಯಾಕ್ಟೇಟಿಗೂ ಸಂಬಂಧವಿಲ್ಲ. ಒಂದೆರಡು ಗಂಟೆಯೊಳಗೆ ಅದು ರಕ್ತದಲ್ಲಿ ಮಾಮೂಲಿ ಮಟ್ಟಕ್ಕೆ ಇಳಿದಿರುತ್ತದೆ.

ಲ್ಯಾಕ್ಟೇಟನ್ನು ಅಳೆಯುವುದು ಕೊಳದ ಅಂಚಿನಲ್ಲಿ ದಿನನಿತ್ಯದ ಕೆಲಸ. ಈಜುಗಾರ ಗೋಡೆ ಮುಟ್ಟಿದ ಕೂಡಲೇ ಕಿವಿಯ ತುದಿಯನ್ನು ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ನೀರು ಬೆರೆತು ಅಳತೆ ಸುಳ್ಳಾಗುತ್ತದೆ. ಸೂಜಿ ಚುಚ್ಚಿ, ಮೊದಲ ಹನಿಯನ್ನು ಒರೆಸಿಹಾಕಿ, ಎರಡನೆಯದನ್ನು ಪಟ್ಟಿಗೆ ಹೀರಿಸುತ್ತೇವೆ. ವಿಶ್ರಾಂತಿಯಲ್ಲಿ ಲೀಟರ್ ರಕ್ತಕ್ಕೆ 1 ಮಿಲಿಮೋಲ್ (ವಸ್ತುವಿನ ಪ್ರಮಾಣದ ಅಳತೆ) ಇರುವುದು 200 ಮೀಟರ್ ಸ್ಪರ್ಧೆಯ ಬಳಿಕ 10 ದಾಟುತ್ತದೆ, ಅದೂ ಮುಗಿದ ಕೆಲವು ನಿಮಿಷಗಳ ನಂತರ ತುತ್ತತುದಿಗೇರುತ್ತದೆ, ಏಕೆಂದರೆ ಸ್ನಾಯುವಿನಿಂದ ರಕ್ತಕ್ಕೆ ಬರಲು ಅಷ್ಟು ಹೊತ್ತು ಬೇಕು. 1976ರಲ್ಲಿ ಜರ್ಮನಿಯ ಅಲೋಯಿಸ್ ಮಾಡರ್ ಮತ್ತು ಸಂಗಡಿಗರು 4 ಮಿಲಿಮೋಲ್ ಎಂಬ ಗಡಿ ಹಾಕಿಕೊಟ್ಟರು: ಅದರ ಕೆಳಗೆ ದೇಹ ಹುಟ್ಟಿದಷ್ಟನ್ನೂ ವಿಲೇವಾರಿ ಮಾಡುತ್ತದೆ, ಮೇಲೆ ಹೋದರೆ ರಾಶಿ ಬೀಳುತ್ತದೆ. ಈ ಅಂಕಿ ಎಲ್ಲರಿಗೂ ಒಂದೇ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೂ ಅಂಥದೊಂದು ಹೊಸ್ತಿಲು ಪ್ರತಿಯೊಬ್ಬರಲ್ಲೂ ಇದೆ, ನಿಮ್ಮದು ಎಲ್ಲಿದೆ ಎಂದು ಸೂಜಿಯಿಲ್ಲದೆ ಕಂಡುಕೊಳ್ಳುವ ಬಗೆಯನ್ನು ಕೊನೆಗೆ ಹೇಳುತ್ತೇನೆ. ಜೋರು ಈಜಿನ ನಂತರ ಗೋಡೆಗೆ ಒರಗಿ ನಿಲ್ಲುವುದಕ್ಕಿಂತ ನಿಧಾನವಾಗಿ ಈಜುತ್ತಲೇ ಇದ್ದರೆ ಲ್ಯಾಕ್ಟೇಟ್ ಬೇಗ ಇಳಿಯುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಪದಕದ ಈಜು ಮುಗಿಸಿದವರು ಪಕ್ಕದ ಕೊಳಕ್ಕೆ ಇಳಿದು ಮತ್ತೆ ಈಜುವುದು ಇದಕ್ಕಾಗಿಯೇ.

ದೀರ್ಘ ದೂರಕ್ಕೆ ಮಾತ್ರ ಆಮ್ಲಜನಕ ಬೇಕು, ಚಿಕ್ಕ ದೂರಕ್ಕೆ ಬರೀ ಬಲ ಸಾಕು ಎಂಬ ನಂಬಿಕೆಯೂ ಸರಿಯಲ್ಲ. ಸುಮಾರು ಎರಡು ನಿಮಿಷದ 200 ಮೀಟರ್ ಸ್ಪರ್ಧೆಯಲ್ಲೇ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಆಮ್ಲಜನಕದ ದಾರಿಯಿಂದ ಬರುತ್ತದೆ, 400 ಮೀಟರಿಗೆ ಹೋದರೆ ಬಹುತೇಕ ಅದೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾನ್ ಝಾನ್ಲೆ 100 ಮೀಟರನ್ನು 46.40 ಸೆಕೆಂಡಿನಲ್ಲಿ ಮುಗಿಸಿದರು. ಅದೇ ಕೂಟದಲ್ಲಿ ಬಾಬ್ಬಿ ಫಿಂಕ್ 1500 ಮೀಟರಿಗೆ ತೆಗೆದುಕೊಂಡದ್ದು 14 ನಿಮಿಷ 30.67 ಸೆಕೆಂಡು, ಎಂದರೆ ಪ್ರತಿ ನೂರಕ್ಕೆ 58 ಸೆಕೆಂಡು, ಹದಿನೈದು ಸಲ ಬೆನ್ನುಬೆನ್ನಿಗೆ. ಒಂದೇ ಒಂದು ನೂರರ ವಿಶ್ವದಾಖಲೆಗೂ ಹದಿನೈದರ ಸರಾಸರಿಗೂ ನಡುವಿನ ಅಂತರ ಹನ್ನೆರಡು ಸೆಕೆಂಡೂ ಇಲ್ಲ. ಆಮ್ಲಜನಕದ ವ್ಯವಸ್ಥೆ ಪಳಗಿದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಆದರೆ ಆ ವ್ಯವಸ್ಥೆ ಸ್ವಿಚ್ ಹಾಕಿದಂತೆ ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಪೂರ್ಣ ವೇಗಕ್ಕೆ ಬರಲು ಎರಡು ಮೂರು ನಿಮಿಷ ಬೇಕು. ಅಲ್ಲಿಯವರೆಗೆ ಸ್ನಾಯುಗಳು ತಮ್ಮೊಳಗಿನ ದಾಸ್ತಾನನ್ನು ಖರ್ಚುಮಾಡುತ್ತಿರುತ್ತವೆ. ನಿಮ್ಮ 100 ಮೀಟರ್ ಸರಿಯಾಗಿ ಈ ಕಷ್ಟದ ಅವಧಿಯೊಳಗೇ ಬೀಳುತ್ತದೆ. ಮೈ ಬಿಸಿ ಮಾಡಿಕೊಳ್ಳದೆ ಜೋರಾಗಿ ಶುರುಮಾಡಿ, ಅತ್ಯಂತ ಕೆಟ್ಟ ಗಳಿಗೆಯಲ್ಲಿ ನಿಂತುಬಿಟ್ಟು, ನನಗೆ ಆಗುವುದಿಲ್ಲ ಎಂದು ತೀರ್ಮಾನಿಸುವವರು ಬಹಳ ಮಂದಿ. ಹತ್ತು ನಿಮಿಷ ಸಾವಕಾಶವಾಗಿ ಈಜಿದ ಮೇಲೆ ಅದೇ ನೂರು ಮೀಟರ್ ಬೇರೆಯೇ ಆಗಿರುತ್ತದೆ.

ಈಗ ಕೈಗಡಿಯಾರದ ಕತೆ. ಅದನ್ನು ನಂಬುವ ಮೊದಲು ಒಂದು ಮಾತು: ಮಣಿಕಟ್ಟಿನ ಮೇಲೆ ಬೆಳಕು ಬಿಟ್ಟು ಬಡಿತ ಎಣಿಸುವ ಸಾಧನಗಳು ನೀರಿನಲ್ಲಿ ತಡವರಿಸುತ್ತವೆ. ಚರ್ಮಕ್ಕೂ ಗಾಜಿಗೂ ನಡುವೆ ನೀರು ನುಗ್ಗುತ್ತದೆ, ತಂಪಿಗೆ ಚರ್ಮದ ರಕ್ತಸಂಚಾರ ಕುಗ್ಗುತ್ತದೆ. ಗೋಡೆ ಮುಟ್ಟಿದ ಕೂಡಲೇ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು ಹತ್ತು ಸೆಕೆಂಡು ಎಣಿಸಿ ಆರರಿಂದ ಗುಣಿಸಿ. ಅದಕ್ಕಿಂತ ಹೆಚ್ಚು ಹೊತ್ತು ಎಣಿಸಬೇಡಿ, ಬಡಿತ ಅಷ್ಟು ಬೇಗ ಇಳಿಯುತ್ತಿರುತ್ತದೆ.

ಸರಿಯಾಗಿ ಎಣಿಸಿದರೂ ಅಂಕಿ ಓಟದದ್ದಕ್ಕಿಂತ ಕಡಿಮೆಯೇ ಬರುತ್ತದೆ. ನಿಂತು ಓಡುವಾಗ ರಕ್ತ ಕಾಲುಗಳತ್ತ ಜಗ್ಗುತ್ತದೆ, ಅದನ್ನು ಮೇಲೆತ್ತಬೇಕು. ನೀರಿನಲ್ಲಿ ದೇಹ ಅಡ್ಡಲಾಗಿದೆ, ಸುತ್ತಲಿನ ಒತ್ತಡ ಕೈಕಾಲುಗಳ ಸಿರೆಗಳನ್ನು ಒತ್ತುತ್ತದೆ. ಕುತ್ತಿಗೆಯವರೆಗೆ ನೀರಿಗಿಳಿದರೆ ಸುಮಾರು 700 ಮಿಲಿಲೀಟರ್ ರಕ್ತ ಕೈಕಾಲು, ಹೊಟ್ಟೆಗಳಿಂದ ಎದೆಗೂಡಿಗೆ ಸರಿಯುತ್ತದೆ. ಹೃದಯ ಹೆಚ್ಚು ತುಂಬಿಕೊಳ್ಳುತ್ತದೆ, ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ, ಆದ್ದರಿಂದ ಅಷ್ಟೇ ಕೆಲಸಕ್ಕೆ ಕಡಿಮೆ ಬಡಿತ ಸಾಕು. ತಂಪು ನೀರು ಮುಖಕ್ಕೆ ತಾಗಿದಾಗ ಬಡಿತವನ್ನು ತಗ್ಗಿಸುವ ಮುಳುಗುವಿಕೆಯ ಪ್ರತಿವರ್ತನೆಯೂ ಇದಕ್ಕೆ ಕೈಜೋಡಿಸುತ್ತದೆ. ಸೀಲ್‌ಗಳಲ್ಲಿ ಅದು ಪರಾಕಾಷ್ಠೆಯಲ್ಲಿದೆ, ನಮ್ಮಲ್ಲಿ ಅದರ ಎಳೆ ಉಳಿದಿದೆ. ಕೆಲಸಮಾಡುವ ಸ್ನಾಯುಗಳ ಗಾತ್ರ ಚಿಕ್ಕದು, ದೇಹ ತಣ್ಣಗೆ ಉಳಿಯುತ್ತದೆ ಎಂಬವೂ ಸೇರಿ, ಈಜಿನಲ್ಲಿ ಗರಿಷ್ಠ ಬಡಿತ ಓಟಕ್ಕಿಂತ ಸಾಮಾನ್ಯವಾಗಿ 10ರಿಂದ 15 ಕಡಿಮೆ. 220ರಿಂದ ವಯಸ್ಸನ್ನು ಕಳೆಯುವ ಸೂತ್ರ ನೆಲದ ಮೇಲೂ ಸ್ಥೂಲವೇ, ಕೊಳದಲ್ಲಿ ಅದನ್ನು ಹಿಡಿದು ಈಜಿದರೆ ನೀವು ಪ್ರತಿ ದಿನವೂ ಮಿತಿಮೀರುತ್ತೀರಿ.

ಮೂತ್ರದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಎದೆಗೆ ಸರಿದ ಆ ರಕ್ತದಿಂದ ಹೃದಯದ ಮೇಲ್ಕೋಣೆಗಳು ಹಿಗ್ಗುತ್ತವೆ. ದೇಹದಲ್ಲಿ ನೀರು ಹೆಚ್ಚಾಗಿದೆ ಎಂದು ಅವು ತಪ್ಪು ತಿಳಿದು, ಉಪ್ಪು ನೀರುಗಳನ್ನು ಹೊರಹಾಕುವಂತೆ ಮೂತ್ರಪಿಂಡಗಳಿಗೆ ಹೇಳುವ ಹಾರ್ಮೋನನ್ನು ಸ್ರವಿಸುತ್ತವೆ. ನೀರನ್ನು ಹಿಡಿದಿಡುವ ಹಾರ್ಮೋನು ಅದೇ ಹೊತ್ತಿಗೆ ತಗ್ಗುತ್ತದೆ. ಆರೋಗ್ಯವಂತ ದೇಹ ಮಾಡಬೇಕಾದದ್ದೇ ಇದು, ಎದ್ದು ಹೋಗಿಬನ್ನಿ. ಬೆವರೂ ಹರಿಯುತ್ತಿರುತ್ತದೆ, ಕಾಣುವುದಿಲ್ಲ, ಬಾಯಾರಿಕೆ ಅಷ್ಟಾಗಿ ಆಗುವುದಿಲ್ಲ. ಒಂದು ಗಂಟೆಗೂ ಮೀರಿ ಈಜುವವರು ಕೊಳದ ಅಂಚಿನಲ್ಲಿ ಕುಡಿಯುವ ನೀರಿಟ್ಟುಕೊಳ್ಳಬೇಕು.

ನೀರು ದೇಹದ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಒಯ್ಯುತ್ತದೆ. ಸ್ಪರ್ಧಾ ಕೊಳಗಳಲ್ಲಿ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ನಿಂತವರಿಗೆ ಚಳಿಯೆನಿಸುವ ಆ ನೀರು ಜೋರಾಗಿ ಈಜುವವರಿಗೆ ಹಿತ. ಬಿಸಿನೀರಿನಲ್ಲಿ ಕಷ್ಟಪಟ್ಟು ಈಜುವುದು ಅಪಾಯ, ಏಕೆಂದರೆ ಬೆವರು ಆರಲು ಜಾಗವೇ ಇಲ್ಲ. 2010ರ ಅಕ್ಟೋಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಫುಜೈರಾದಲ್ಲಿ ಬೆಚ್ಚನೆಯ ಸಮುದ್ರದಲ್ಲಿ ನಡೆದ 10 ಕಿ.ಮೀ. ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪ್ಪೆನ್ ತೀರಿಕೊಂಡರು. ತೆರೆದ ನೀರಿನ ಸ್ಪರ್ಧೆಗಳಿಗೆ ಈಗ 31 ಡಿಗ್ರಿಯ ಮೇಲ್ಮಿತಿ ಇದೆ.

ಉಸಿರು ಹಿಡಿದು ಈಜುವ ಸಲಹೆಗೆ ಬರೋಣ. ಆ ಸಲಹೆಯನ್ನು ದಯವಿಟ್ಟು ಕೈಬಿಡಿ. ಸ್ಪರ್ಧಾತ್ಮಕ ಈಜುಗಾರರ ಶ್ವಾಸಕೋಶಗಳು ಸರಾಸರಿಗಿಂತ ದೊಡ್ಡವಾಗಿರುವುದು ನಿಜ. ಅದರಲ್ಲಿ ಒಂದು ಪಾಲು ಎಳವೆಯಲ್ಲೇ, ಎದೆಗೂಡು ಬೆಳೆಯುತ್ತಿರುವಾಗಲೇ ಮಾಡಿದ ತರಬೇತಿಯ ಫಲವಿರಬಹುದು; ಇನ್ನೊಂದು ಪಾಲು, ಎತ್ತರದ ಮೈಕಟ್ಟು ಅಗಲ ಎದೆಯ ಮಕ್ಕಳೇ ಈ ಕ್ರೀಡೆಯಲ್ಲಿ ಕೊನೆಯವರೆಗೆ ಉಳಿಯುತ್ತಾರೆ ಎಂಬುದು. 38ರ ವಯಸ್ಸಿನಲ್ಲಿ ಉಸಿರು ಹಿಡಿದು ಶ್ವಾಸಕೋಶ ಹಿಗ್ಗಿಸಲು ಆಗುವುದಿಲ್ಲ, ಅದರ ಅಗತ್ಯವೂ ಇಲ್ಲ. ಐದು ಏಳು ಬೀಸಿಗೊಮ್ಮೆ ಉಸಿರೆಳೆಯುವ ಅಭ್ಯಾಸ ಎತ್ತರದ ಬೆಟ್ಟದ ಮೇಲಿನ ತರಬೇತಿಗೆ ಸಮ ಎಂದು ಹಿಂದೆ ನಂಬಿದ್ದರು. ಅಳೆದು ನೋಡಿದಾಗ ಆಮ್ಲಜನಕ ಹೆಚ್ಚೇನೂ ಇಳಿದಿರಲಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಏರಿತ್ತು. ನಿಮ್ಮ ಸಮಸ್ಯೆಯೇ ಅದು, ಅದಕ್ಕೆ ಇನ್ನಷ್ಟು ಸೇರಿಸುವುದರಲ್ಲಿ ಅರ್ಥವಿಲ್ಲ.

ಇದರಲ್ಲಿ ಪ್ರಾಣಾಪಾಯದ ಒಂದು ರೂಪವಿದೆ. ನೀರಿನಡಿ ದೂರ ಹೋಗಲೆಂದು ಮೊದಲು ಹತ್ತಾರು ಸಲ ರಭಸದಿಂದ ಉಸಿರಾಡಿ ಮುಳುಗುವವರಿದ್ದಾರೆ. ಹಾಗೆ ಮಾಡಿದರೆ ರಕ್ತದಲ್ಲಿ ಆಮ್ಲಜನಕ ಹೆಚ್ಚುವುದಿಲ್ಲ, ಅದು ಮೊದಲೇ ಭರ್ತಿಯಾಗಿರುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಉಸಿರಾಡು ಎಂಬ ಕೂಗು ಏಳುವ ಮೊದಲೇ ಆಮ್ಲಜನಕ ತಳ ಮುಟ್ಟಿ, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಮುಳುಗಿದವರು ಒದ್ದಾಡುವುದಿಲ್ಲ, ಆದ್ದರಿಂದ ದಡದಲ್ಲಿದ್ದವರಿಗೂ ತಿಳಿಯುವುದಿಲ್ಲ. ಎದೆಯಷ್ಟು ನೀರಿನಲ್ಲಿ, ಚೆನ್ನಾಗಿ ಈಜು ಬಲ್ಲವರೇ ಹೀಗೆ ಸಾಯುತ್ತಾರೆ.

ವೈದ್ಯರನ್ನು ಕಾಣಬೇಕಾದ ಲಕ್ಷಣಗಳು ಇವು: ಎದೆಯಲ್ಲಿ ಬಿಗಿತ ಅಥವಾ ನೋವು; ತಲೆಸುತ್ತಿ ಕಣ್ಣು ಕತ್ತಲಿಡುವುದು; ಬಡಿತ ಇದ್ದಕ್ಕಿದ್ದಂತೆ ಅಡ್ಡಾದಿಡ್ಡಿಯಾಗುವುದು; ವಿಶ್ರಾಂತಿ ತೆಗೆದುಕೊಂಡು ಹತ್ತು ನಿಮಿಷವಾದರೂ ಏದುಸಿರು ಇಳಿಯದಿರುವುದು. ಈಜಿನ ನಂತರ ಗಂಟೆಗಟ್ಟಲೆ ಒಣಕೆಮ್ಮು ಅಥವಾ ಎದೆಯಲ್ಲಿ ಸಿಳ್ಳೆ ಕೇಳಿಸಿದರೆ ಶ್ವಾಸನಾಳಗಳ ಪರೀಕ್ಷೆ ಮಾಡಿಸಿ. ಮುಚ್ಚಿದ ಕೊಳಗಳಲ್ಲಿ ಕ್ಲೋರಿನ್ ಬೆವರು ಮೂತ್ರಗಳೊಂದಿಗೆ ಬೆರೆತು ಹುಟ್ಟುವ ಅನಿಲ ನೀರಿನ ಮೇಲ್ಮೈಗೆ ಅಂಟಿಕೊಂಡೇ ಇರುತ್ತದೆ, ಈಜುಗಾರರು ಉಸಿರೆಳೆಯುವುದು ಅಲ್ಲಿಂದಲೇ. ಇನ್ನೊಂದು ಅಪರೂಪದ್ದು, ಆದರೆ ತುರ್ತಿನದು: ತಣ್ಣೀರಿನಲ್ಲಿ ಕಷ್ಟಪಟ್ಟು ಈಜುವಾಗ ಎದೆಗೆ ನುಗ್ಗಿದ ರಕ್ತದ ಒತ್ತಡದಿಂದ ಶ್ವಾಸಕೋಶದೊಳಗೆ ದ್ರವ ಜಿನುಗಬಹುದು. ಕೆಮ್ಮು, ಗೊರಗೊರ ಸದ್ದು, ನಸುಗೆಂಪು ನೊರೆ ಕಂಡರೆ ಕೂಡಲೇ ನೀರಿನಿಂದ ಹೊರಬಂದು, ಮಲಗದೆ ನೆಟ್ಟಗೆ ಕುಳಿತು, ಆಸ್ಪತ್ರೆಗೆ ಹೋಗಬೇಕು.

ಸರಿಹೋಗಲು ಎಷ್ಟು ಕಾಲ? ಉಸಿರು ಬಿಡುವ ಕ್ರಮ ಕೆಲವೇ ದಿನಗಳಲ್ಲಿ ಕೈವಶವಾಗುತ್ತದೆ. ಮುಖ ನೀರಿಗೆ ಇಳಿದ ಕ್ಷಣದಿಂದ ಮೂಗು ಬಾಯಿಗಳಿಂದ ಗುಳ್ಳೆ ನಿಲ್ಲದೆ ಹೊರಡುತ್ತಿರಲಿ, ತಲೆ ಹೊರಳಿಸುವ ಮುನ್ನ ಕೊನೆಯದನ್ನು ಒತ್ತಿ ಬಿಡಿ. ಸದ್ಯಕ್ಕೆ ಎರಡು ಬೀಸಿಗೊಮ್ಮೆಯೇ ಉಸಿರೆಳೆಯಿರಿ. ಮೂರಕ್ಕೊಮ್ಮೆ ಎಂಬ ಹಟ ಹೊಸಬರಿಗೆ ತೊಡಕು. ತೋಳಿನ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯ ಹೆಚ್ಚಲು ಆರೆಂಟು ವಾರ ಬಿಡದೆ ಈಜಬೇಕು, ವಾರಕ್ಕೆ ಮೂರು ದಿನವಾದರೂ. ಸೂಕ್ಷ್ಮ ರಕ್ತನಾಳಗಳು ಅದಕ್ಕಿಂತ ನಿಧಾನ. ಕೌಶಲಕ್ಕೆ ವರ್ಷಗಳು ಹಿಡಿಯುತ್ತವೆ, ಆದರೆ ಅತಿ ದೊಡ್ಡ ಲಾಭ ಅಲ್ಲೇ ಇದೆ, ಏಕೆಂದರೆ ತಡೆ ಕಡಿಮೆಯಾದರೆ ಹೃದಯ ಶ್ವಾಸಕೋಶಗಳನ್ನು ಏನೂ ಮಾಡದೆಯೇ ವೇಗ ಸಿಗುತ್ತದೆ.

ನಿಮ್ಮ ಹೊಸ್ತಿಲನ್ನು ಹೀಗೆ ಕಂಡುಕೊಳ್ಳಿ. ಎಷ್ಟೇ ನಿಧಾನವಾಗಿಯಾದರೂ 400 ಮೀಟರ್ ನಿಲ್ಲದೆ ಈಜಲು ಬಂದ ಮೇಲೆ, ಒಂದು ದಿನ 400 ಮೀಟರನ್ನೂ ಚೆನ್ನಾಗಿ ಸುಧಾರಿಸಿಕೊಂಡು 200 ಮೀಟರನ್ನೂ ಸಾಧ್ಯವಾದಷ್ಟು ಬೇಗ ಈಜಿ ಸಮಯ ಬರೆದುಕೊಳ್ಳಿ. 400ಕ್ಕೆ 9 ನಿಮಿಷ 20 ಸೆಕೆಂಡು, 200ಕ್ಕೆ 4 ನಿಮಿಷ 20 ಸೆಕೆಂಡು ಹಿಡಿಯಿತು ಎನ್ನಿ. ವ್ಯತ್ಯಾಸ 5 ನಿಮಿಷ, ಅದನ್ನು ಎರಡರಿಂದ ಭಾಗಿಸಿದರೆ 100 ಮೀಟರಿಗೆ 2 ನಿಮಿಷ 30 ಸೆಕೆಂಡು. ನಿಮ್ಮ ದೇಹ ಲ್ಯಾಕ್ಟೇಟ್ ರಾಶಿ ಬೀಳದಂತೆ ಸಾಗಿಸಬಲ್ಲ ವೇಗ ಸರಿಸುಮಾರು ಇದು. ವಾರಕ್ಕೊಮ್ಮೆ ಎಂಟು ಸಲ 100 ಮೀಟರನ್ನು ಇದೇ ವೇಗದಲ್ಲಿ, ನಡುನಡುವೆ 20 ಸೆಕೆಂಡು ಬಿಡುವು ಕೊಟ್ಟು ಈಜಿ. ಮೊದಲ ಎರಡು ತೀರ ಸುಲಭವೆನಿಸಬೇಕು. ಹಾಗೆನಿಸಿತೆಂದು ವೇಗ ಏರಿಸಿದಿರೋ, ಆರನೆಯದರಲ್ಲಿ ಮತ್ತೆ ಗೋಡೆ ಹಿಡಿಯುತ್ತೀರಿ. ಉಳಿದ ದಿನಗಳಲ್ಲಿ ಇದಕ್ಕಿಂತ ನೂರಕ್ಕೆ ಹತ್ತು ಹದಿನೈದು ಸೆಕೆಂಡು ನಿಧಾನ.

ಆರು ವಾರದ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ, ಈ ಸಲ 25 ಮೀಟರಿಗೆ ಎಷ್ಟು ಕೈಬೀಸು ಎಂಬುದನ್ನೂ ಎಣಿಸಿ. 400ರ ಸಮಯ ಇಳಿದು 200ರದ್ದು ಇದ್ದಲ್ಲೇ ಇದ್ದರೆ ತೋಳುಗಳ ಸಹನಶಕ್ತಿ ಬೆಳೆಯುತ್ತಿದೆ ಎಂದು ತಿಳಿಯಿರಿ. ಎರಡೂ ಇಳಿದು ಬೀಸುಗಳೂ ಕಡಿಮೆಯಾಗಿದ್ದರೆ ಕೌಶಲ ಸುಧಾರಿಸಿದೆ. ಎರಡೂ ಕದಲದಿದ್ದರೆ ಯಾರಿಂದಲಾದರೂ ನೀರಿನಡಿಯಿಂದ ನಿಮ್ಮ ವಿಡಿಯೊ ತೆಗೆಸಿ ಮೊದಲು ಗುಳ್ಳೆಗಳನ್ನು ನೋಡಿ, ಆಮೇಲೆ ಕಣಕಾಲನ್ನು.